ಎಳನೀರಲ್ಲಿ ಕಲಸಿದ ಹಿಟ್ಟು

ಅರಸೀಕೆರೆಯಲ್ಲಿ ರೈಲು ತಪ್ಪಿಸಿಕೊಂಡವರಿಗೆ ಇದ್ದದ್ದು ಎರಡೇ ದಾರಿ. ಮುಂದಿನ ರೈಲು ಬರುವವರೆಗೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಶಾಪ ಹಾಕುವುದು. ಇಲ್ಲವೇ ರಸ್ತೆ ದಾಟಿ ಯೋಗನರಸಿಂಹನ ಬೇಕರಿಯಲ್ಲಿ ಖಾರಾ ಬನ್ ತಿಂದು, ಆಮೇಲೆ ಶಾಪ ಹಾಕುವುದು. ಬೇಲೂರು ಹಳೇಬೀಡು ನೋಡಬೇಕೆಂದು ಇಳಿದು ಬಸ್ಸಿಗೆ ಕಾಯುವವರಂತೂ ಎರಡನೆಯ ದಾರಿಯನ್ನೇ ಹಿಡಿಯುತ್ತಿದ್ದರು. ಬನ್ನು ತಿಂದಮೇಲೆ ಎಷ್ಟೋ ಜನ ಶಾಪ ಹಾಕುವುದನ್ನೇ ಮರೆಯುತ್ತಿದ್ದರು.

ಅಂಗಡಿಯ ಹಲಗೆಯ ಮೇಲಿನ ಹೆಸರು ಯೋಗನರಸಿಂಹನದು. ಒಲೆಯ ಮುಂದಿನ ಬೆವರೂ ಅವನದೇ. ಆದರೆ ಹಿಟ್ಟಿನ ಹದ ಮಾತ್ರ ಅವನ ಹೆಂಡತಿ ಯದುಗಿರಿಯದು. ಅಯ್ಯಂಗಾರರ ಅಂಗಡಿಯಾದ್ದರಿಂದ ಮೊಟ್ಟೆ ಹೊಸಿಲು ದಾಟುವಂತಿರಲಿಲ್ಲ. ಮೊಟ್ಟೆ ಇಲ್ಲದೆ ಹಿಟ್ಟು ಉಬ್ಬಿಸುವುದನ್ನು ಅವನು ಬೆಂಗಳೂರಿನಲ್ಲಿ ಚಿಕ್ಕಪ್ಪನ ಅಂಗಡಿಯಲ್ಲಿ ಎರಡು ವರ್ಷ ಕಲಿತು ಬಂದಿದ್ದ. ಇವಳು ಎರಡೇ ತಿಂಗಳಲ್ಲಿ ಅವನನ್ನು ಮೀರಿಸಿದ್ದಳು. ಹಾಗೆಂದು ಅವನೇ ಹೇಳುತ್ತಿದ್ದ, ಅದೂ ಗಿರಾಕಿಗಳ ಮುಂದೆ. ಅಷ್ಟರಮಟ್ಟಿಗೆ ಒಳ್ಳೆಯವನು.

ಊರೆಲ್ಲ ತಿಂದು ಹೊಗಳಿದ್ದನ್ನು ಮೂಸಿಯೂ ನೋಡದ ಮನುಷ್ಯ ಇಡೀ ತಾಲ್ಲೂಕಿನಲ್ಲಿ ಒಬ್ಬನೇ ಒಬ್ಬ. ಅವರು ಯದುಗಿರಿಯ ಮಾವ, ಅನಂತಸ್ವಾಮಿ.

ಅನಂತಸ್ವಾಮಿಗಳು ಐದಾರು ಮೈಲಿ ಆಚೆ ಹಾರನಹಳ್ಳಿಯಲ್ಲಿ ನರಸಿಂಹ ದೇವರ ಪೂಜೆ ಮಾಡಿಕೊಂಡಿದ್ದವರು. ತಮ್ಮ ನಂತರ ಮಗ ಗರ್ಭಗುಡಿಯಲ್ಲಿ ದೀಪ ಹಚ್ಚುತ್ತಾನೆ ಎಂದು ನಂಬಿದ್ದರು. ಮಗ ಬಂದು ಸ್ಟೇಷನ್ ಎದುರು ಒಲೆ ಹಚ್ಚಿದ. "ಅನ್ನ ಮಾರೋನ ಮನೇಲಿ ನಾನು ನೀರೂ ಮುಟ್ಟಲ್ಲ. ಆ ಒಲೆಯಿಂದ ಬಂದದ್ದು ನನ್ನ ಬಾಯಿಗೆ ಬೀಳಲ್ಲ" ಎಂದು ಆವತ್ತು ಹೇಳಿದವರು ಮೂರು ವರ್ಷವಾದರೂ ಆ ಮಾತಿನಿಂದ ಕೂದಲೆಳೆಯಷ್ಟೂ ಆಚೀಚೆ ಸರಿದಿರಲಿಲ್ಲ. ಮಗನೇನು ಕಡಿಮೆಯೇ? ಅಪ್ಪನ ಮೂಗಿನ ಜೊತೆಗೆ ಅಪ್ಪನ ಹಟವನ್ನೂ ಬಳುವಳಿಯಾಗಿ ಪಡೆದವನು. ಅವನೂ ಮಾತು ಬಿಟ್ಟ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಗೊತ್ತಿದ್ದೂ ಇಬ್ಬರೂ ಕೊಯ್ದುಕೊಂಡು ಕೂತಿದ್ದರು.

ಇವರಿಬ್ಬರ ನಡುವೆ ಅರೆದುಹೋದವಳು ಯದುಗಿರಿ. ತಾಯಿ ಇಲ್ಲದ ಹುಡುಗಿಯಾಗಿ ಆ ಮನೆ ಸೇರಿದವಳನ್ನು ಮಗಳ ಹಾಗೆ ಬೆಳೆಸಿದ್ದು ಮಾವಯ್ಯನೇ. ಪಂಚಾಂಗ ನೋಡುವುದನ್ನು ಕಲಿಸಿದ್ದೂ ಅವರೇ. ಬೆಳಗಾದರೆ "ಇವತ್ತೇನಮ್ಮಾ ತಿಥಿ?" ಎಂದು ಅವಳನ್ನೇ ಕೇಳುತ್ತಿದ್ದರು, ತಮಗೆ ಗೊತ್ತಿದ್ದರೂ. ಮೊದಲ ದೀಪಾವಳಿಗೆ ಅವಳು ಮಾಡಿದ ಚಿರೋಟಿಯನ್ನು ಬೆರಳಿನಿಂದ ಮುಟ್ಟಿ, ಪದರಗಳು ಹೂವಿನ ಹಾಗೆ ಬಿಚ್ಚಿಕೊಂಡದ್ದನ್ನು ಕಂಡು, "ಈ ಕೈಗೆ ಬಂಗಾರದ ಬಳೆ ಹಾಕಬೇಕು" ಎಂದಿದ್ದರು. ಬಳೆ ಬರಲಿಲ್ಲ, ಬೇಡವೂ ಆಗಿತ್ತು. ಆ ಮಾತನ್ನೇ ಅವಳು ಕೈಗೆ ತೊಟ್ಟುಕೊಂಡಿದ್ದಳು.

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಅನಂತಸ್ವಾಮಿಗಳಿಗೆ ಕಾಮಾಲೆ ಹಿಡಿಯಿತು.

ಕಣ್ಣು ಅರಿಸಿನವಾಯಿತು, ನಾಲಿಗೆ ಸತ್ತುಹೋಯಿತು. ನಾಟಿ ಔಷಧಿಯಾಯಿತು, ಅರಸೀಕೆರೆಯ ಡಾಕ್ಟರೂ ಆಯಿತು. ರೋಗ ಇಳಿಯಿತು, ಊಟ ಮಾತ್ರ ಹತ್ತಲಿಲ್ಲ. ಗಂಜಿ ಕಂಡರೆ ಓಕರಿಕೆ, ಅನ್ನ ಕಂಡರೆ ಮುಖ ತಿರುಗಿಸುವುದು. ದೇವರ ಮುಂದೆ ಮಂಗಳಾರತಿ ಎತ್ತುವಾಗ ಒಮ್ಮೆ ತಲೆ ಸುತ್ತಿ ಕಂಬ ಹಿಡಿದುಕೊಂಡರಂತೆ. ಡಾಕ್ಟರು ಹೇಳಿದ್ದು ಇಷ್ಟು: "ಕರಿದದ್ದು ಮುಟ್ಟಬೇಡಿ. ತುಪ್ಪ ಬೇಡ, ಬೆಣ್ಣೆ ಬೇಕಾದರೆ ಒಂದು ಚಮಚ. ಬೆಳಿಗ್ಗೆ ಹೊಟ್ಟೆ ಖಾಲಿ ಬಿಡಲೇಬೇಡಿ. ಹಣ್ಣು ಕೊಡಿ, ಹಗುರವಾಗಿ ಬ್ರೆಡ್ಡೋ ರಸ್ಕೋ ಏನಾದರೂ ಕೊಡಿ. ಇನ್ನು ಹದಿನೈದು ದಿನದಲ್ಲಿ ಮೈ ಹಿಡೀಲಿಲ್ಲ ಅಂದ್ರೆ ಹಾಸನದ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗತ್ತೆ."

ಬ್ರೆಡ್ಡಂತೆ! ಜಗತ್ತಿನಲ್ಲಿ ಇದ್ದಬದ್ದ ಪಥ್ಯವನ್ನೆಲ್ಲ ಬಿಟ್ಟು ಆ ಡಾಕ್ಟರ ಬಾಯಲ್ಲಿ ಅದೇ ಬರಬೇಕೇ? "ಆ ಒಲೆಯ ರೊಟ್ಟಿ ತಿಂದು ಬದುಕೋದಕ್ಕಿಂತ ಹಸಿದು ಸಾಯ್ತೀನಿ" ಎಂದು ಅನಂತಸ್ವಾಮಿಗಳು ಎದ್ದು ಬಂದೇಬಿಟ್ಟರು. ಈ ಸುದ್ದಿಯನ್ನು ಅತ್ತೆ ಚೆಲುವಾಂಬ ಬಸ್ಸಿನವರ ಕೈಲಿ ಕಾಗದ ಬರೆದು ಕಳಿಸಿದ್ದರು. ಕೊನೆಯ ಸಾಲಿನಲ್ಲಿ ಹೀಗಿತ್ತು: "ನೀನು ಕೊಟ್ಟರೆ ತಿಂದಾರು ಅಂತ ನನಗೊಂದು ಆಸೆ."

ಯದುಗಿರಿ ಕಾಗದವನ್ನು ಎರಡು ಸಲ ಓದಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಏನ್ರೀ, ಮಾವಯ್ಯನಿಗೆ ನಾನೇನಾದರೂ ಮಾಡಿಕೊಂಡು ಹೋಗ್ತೀನಿ."

"ಹೋಗು" ಎಂದ ಯೋಗನರಸಿಂಹ, ಒಲೆಯೊಳಗೆ ಮುಖ ಹಾಕಿಕೊಂಡೇ. "ಎಸೀತಾರೆ. ಎಸೆದದ್ದನ್ನ ವಾಪಸ್ ತರಬೇಡ." ಒಂದು ಸೌದೆ ಒಳಗೆ ತಳ್ಳಿ ಕೇಳಿದ, "ತುಂಬ ಇಳಿದುಹೋಗಿದಾರಂತೇನೇ?"

ಮಾಡುವುದೇನೋ ಸರಿ, ಏನು ಮಾಡುವುದು? ಅಂಗಡಿಯಲ್ಲಿ ಪದರಪದರದ ಪಫ್ ಮಾಡುತ್ತಿದ್ದರು. ಅದಕ್ಕೆ ಸುರಿಯುತ್ತಿದ್ದ ವನಸ್ಪತಿಯಲ್ಲಿ ಅರ್ಧ ಊರಿಗೆ ಕಾಮಾಲೆ ಬರಿಸಬಹುದಿತ್ತು. ವನಸ್ಪತಿಯನ್ನು ಪೂರ್ತಿ ಬಿಟ್ಟು ಮಾಡಿ ನೋಡಿದಳು. ಒಲೆಯಿಂದ ಹೊರಬಂದದ್ದನ್ನು ಗಂಡ ಬೆರಳಿನಿಂದ ತಟ್ಟಿ, "ಇದನ್ನ ರೈಲ್ವೆಯವರಿಗೆ ಕೊಡೋಣ, ಹಳಿ ಕೆಳಗೆ ಹಾಕ್ಕೋತಾರೆ" ಎಂದ. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಆಗ ನೆನಪಾದದ್ದು ಚಿರೋಟಿ. ಒಂದೇ ಚಮಚ ಬೆಣ್ಣೆಯನ್ನು ಅಕ್ಕಿಹಿಟ್ಟಿನ ಜೊತೆ ನೊರೆ ಬರುವ ತನಕ ಉಜ್ಜಿ, ಕಾಗದದ ಹಾಗೆ ಲಟ್ಟಿಸಿದ ಐದು ಹಾಳೆಗಳ ನಡುವೆ ಸವರಿ, ಸುರುಳಿ ಸುತ್ತಿ, ಕತ್ತರಿಸಿ ಮತ್ತೆ ಲಟ್ಟಿಸಿದಳು. ಕರಿಯುವ ಬದಲು ಒಲೆಗಿಟ್ಟಳು. ಪದರ ಬಿಟ್ಟುಕೊಂಡಿತು! ಒಳಗೆ ಅರೇಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅನಾನಸು, ತೆಳ್ಳಗೆ ಕೊಯ್ದ ರಸಬಾಳೆ. ಅನಾನಸು ನೀರು ಬಿಟ್ಟು ತಳವೆಲ್ಲ ಅಂಟಂಟಾಯಿತು. ಹೋಳುಗಳನ್ನು ಮೊದಲು ಒಲೆಯ ಬಾಯಲ್ಲಿಟ್ಟು ಒಣಗಿಸಿಕೊಂಡಳು, ಅದೂ ಸರಿಹೋಯಿತು.

ಆದರೆ ಒಲೆಗಿಂತ ಗಟ್ಟಿಯಾದದ್ದು ಇನ್ನೊಂದಿತ್ತು: ಮಡಿ. ಸ್ಟೇಷನ್ ಬೀದಿಯ ನಲ್ಲಿಯ ನೀರಿನಲ್ಲಿ ಕಲಸಿದ ಹಿಟ್ಟು, ಬನ್ನು ಬೇಯಿಸಿದ ತಟ್ಟೆ. ಮಾವಯ್ಯ ಬಾಯಿ ತೆರೆಯುವ ಮೊದಲೇ ಮುಚ್ಚುವುದಕ್ಕೆ ಇವೆರಡೇ ಸಾಕಿದ್ದವು.

ಈ ಗಂಟನ್ನು ಬಿಡಿಸಿದವಳು ಪಕ್ಕದ ತೆಂಗಿನಕಾಯಿ ಮಂಡಿ ಷಡಕ್ಷರಪ್ಪನ ಹೆಂಡತಿ ಗುರುಸಿದ್ದಮ್ಮ. ಲಿಂಗಕ್ಕೆ ಪೂಜೆ ಆಗದೆ ಹನಿ ನೀರೂ ಕುಡಿಯದ ಹೆಂಗಸು. ಪೂಜೆ ಆದಮೇಲೆ ಮಾತ್ರ ಆಕೆಯ ಬಾಯಿಗೆ ಬಿಡುವಿಲ್ಲ.

"ನಿಮ್ಮಾವಾರು ನಮ್ಮ ಮಂಡಿಗೆ ಬಂದ್ರೆ ನೀರು ಮುಟ್ಟಾಕಿಲ್ಲ ಕಣವ್ವ" ಎಂದಳು ಗುರುಸಿದ್ದಮ್ಮ, ಬಾಗಿಲಿಗೊರಗಿ. "ಎಳನೀರು ಕೆತ್ತಿಕೊಟ್ರೆ ಮಾತ್ರ ಎರಡು ಇಳಿಸ್ತಾರೆ. ನಾನು ಕೇಳೇಬಿಟ್ಟೆ, ಇದೇನು ಸ್ವಾಮಿ, ಇದೂ ನಮ್ಮನೇದೇ ಅಲ್ವರಾ ಅಂತ. ಅದ್ಕೆ ಅವರು, 'ಎಳನೀರಿಗೆ ಮೈಲಿಗೆ ಇಲ್ಲಮ್ಮ, ಅದನ್ನ ತುಂಬಿಸಿಟ್ಟೋನು ದೇವರು' ಅಂದ್ರು. ಅಂಗಂತ ಅವರ ಶಾಸ್ತ್ರದಾಗೇ ಐತಂತೆ."

ಯದುಗಿರಿ ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು. ಗುರುಸಿದ್ದಮ್ಮನ ಸೀರೆಯ ಮೇಲೆ ಹತ್ತು ಬಿಳಿ ಬೆರಳು ಮೂಡಿದವು. "ಇದೇನ್ ಬಂತು ನಿಂಗೆ!" ಎಂದು ಬೈಯುತ್ತಲೇ ಆಕೆ ಮಂಡಿಯಿಂದ ನಾಲ್ಕು ಎಳನೀರು ಕಳಿಸಿಕೊಟ್ಟಳು.

ಎಳನೀರಿನಲ್ಲಿ ಕಲಸಿದ ಹಿಟ್ಟು ಇನ್ನಷ್ಟು ಮೆತ್ತಗಾಯಿತು. ಬುರುಡೆಯೊಳಗಿನ ತಿರುಳನ್ನು ಹಣ್ಣಿನ ಜೊತೆ ಸೇರಿಸಿದಳು; ಬೆಣ್ಣೆ ಕಡಿಮೆಯಾದ ಕೊರತೆಯನ್ನು ಅದು ತುಂಬಿತು. ತಟ್ಟೆಗೆ ಬಾಳೆಎಲೆ ಹಾಸಿ ಅದರ ಮೇಲೆ ಬೇಯಿಸಿದಳು. ಬನ್ನಿನ ತಟ್ಟೆಯ ಸೋಂಕೂ ತಪ್ಪಿತು, ಜಿಡ್ಡು ಸವರುವುದೂ ತಪ್ಪಿತು. ರುಚಿ ನೋಡಲಿಲ್ಲ. ಮಾವಯ್ಯ ದೇವರಿಗೆ ತೋರಿಸದೆ ಏನನ್ನೂ ತಿನ್ನುವವರಲ್ಲ, ದೇವರಿಗೆ ಹೋಗುವುದನ್ನು ಮೊದಲೇ ಎಂಜಲು ಮಾಡುವುದುಂಟೇ? ಮೂಗಿನಲ್ಲೇ ನೋಡಿದಳು, ಬೆರಳಿನಲ್ಲೇ ನೋಡಿದಳು. ಆರು ತುಂಡುಗಳನ್ನು ಹೊಸ ಬಿದಿರು ಬುಟ್ಟಿಯಲ್ಲಿ ಜೋಡಿಸಿ, ಮಿಕ್ಕ ಅನಾನಸನ್ನೂ ಇಟ್ಟುಕೊಂಡು, ಒಂದು ಲೋಟ ಕಾಫಿ ಕುಡಿದು ಮೊದಲ ಬಸ್ಸು ಹತ್ತಿದಳು. ಮನಸ್ಸಿನಲ್ಲಿ ಗೆಲುವಿತ್ತು.

ಹಾರನಹಳ್ಳಿಯ ಮನೆಯ ಬಾಗಿಲಲ್ಲಿ ನಿಂತ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಅಡಿಗೆಮನೆಯ ಹೆಂಚಿನಿಂದ ಹೊಗೆ ಏಳುತ್ತಿರಲಿಲ್ಲ. ಒಗ್ಗರಣೆಯ ವಾಸನೆ ಇಲ್ಲ, ಪಾತ್ರೆಯ ಸದ್ದಿಲ್ಲ. ಚೆಲುವಾಂಬ ಹೊರಗೆ ಬಂದು, ಸೊಸೆಯ ಮುಖ ನೋಡಿ, ಬುಟ್ಟಿ ನೋಡಿ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ನನ್ನ ಕರ್ಮವೇ! ಇವತ್ತು ಏಕಾದಶಿ ಕಣೇ!"

ಯದುಗಿರಿ ಬುಟ್ಟಿಯನ್ನು ಜಗಲಿಯ ಮೇಲೆ ಇಳಿಸಿದಳು. ಏಕಾದಶಿ! ಹನಿ ನೀರು ಮುಟ್ಟದ ದಿನ, ತಿಂಡಿ ಹೊತ್ತು ತಂದಿದ್ದಾಳೆ! ಬೇಕರಿಯ ಗೋಡೆಯ ಮೇಲೆ ತೂಗಾಡುತ್ತಿದ್ದದ್ದು ಹಿಟ್ಟಿನ ಗಿರಣಿಯವರು ಕೊಟ್ಟ ಕ್ಯಾಲೆಂಡರು. ಅದರಲ್ಲಿ ಭಾನುವಾರ ಕೆಂಪಗಿತ್ತು, ರಜೆಗಳು ಕೆಂಪಗಿದ್ದವು. ತಿಥಿ ಹೇಳುವ ಪಂಚಾಂಗ ಪೆಟ್ಟಿಗೆಯ ತಳ ಸೇರಿ ಯಾವ ಕಾಲವಾಗಿತ್ತೋ.

"ಯಾರೇ ಅದು?" ಒಳಗಿನಿಂದ ಅನಂತಸ್ವಾಮಿಗಳ ಧ್ವನಿ ಬಂತು. ಗೋಡೆ ಹಿಡಿದುಕೊಂಡು ಹೊಸಿಲವರೆಗೆ ಬಂದರು. ಆ ಭುಜ, ಆ ಕೊರಳು! ಉತ್ತರೀಯವೇ ಭಾರವಾದಂತೆ ಕಾಣುತ್ತಿತ್ತು. ಬುಟ್ಟಿಯನ್ನು ನೋಡಿದರು. ಬೈಯುತ್ತಾರೆ ಎಂದು ಅವಳು ತಲೆ ತಗ್ಗಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿನಗೆ ಪಂಚಾಂಗ ಕಲಿಸಿದ್ದು ನಾನೇ ಅಲ್ವೇನಮ್ಮಾ?" ಎಂದಷ್ಟೇ ಕೇಳಿ ಒಳಗೆ ಹೋಗಿ ಮಲಗಿದರು.

ಯದುಗಿರಿ ಜಗಲಿಯ ಮೇಲೆ ಕೂತು, ಮೂರು ವರ್ಷದಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತುಬಿಟ್ಟಳು. ಚೆಲುವಾಂಬ ಪಕ್ಕದಲ್ಲಿ ಕೂತು ಬೆನ್ನು ಸವರಿದರು. "ಕಾಯಿಲೆ ಹೊಟ್ಟೇಲಿ ಉಪವಾಸ ಬೇಡ ಅಂತ ನಾನೂ ಹೇಳಿದೆ ಕಣೇ. ಐವತ್ತು ವರ್ಷ ನಡೆಸಿದ ಏಕಾದಶಿ ಬಿಡಲ್ಲ ಅಂದ್ರು. ನಾಳೆ ಪಾರಣೆಗಾದರೂ ಏನಾದರೂ ಒಳಗೆ ಹೋಗದಿದ್ರೆ ನಾನೇನು ಮಾಡ್ಲಿ?" ಎಂದು ತಾವೂ ಕಣ್ಣೊರೆಸಿಕೊಂಡರು.

ಆಗ ದೇವಸ್ಥಾನದ ಅಂಗಳ ಗುಡಿಸುವ ಆಳು ರಾಮಣ್ಣ ಬಂದ. ಬುಟ್ಟಿಯಲ್ಲಿದ್ದದ್ದು ನಾಳೆಗೆ ತಂಗಳು. ತಂಗಳು ಆ ಮನೆಯಲ್ಲಿ ಯಾರಿಗೂ ಆಗದು. ಯದುಗಿರಿ ಮೂಗೊರೆಸಿಕೊಂಡು ಆರನ್ನೂ ಅವನಿಗೆ ಕೊಟ್ಟಳು. ರಾಮಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಚ್ಚಿದ. ಕರಕರ ಎಂದು ಪದರ ಮುರಿಯುವ ಸದ್ದು ನಡುಮನೆಯವರೆಗೂ ಕೇಳಿಸಿತು.

"ಏನಮ್ಮಾರೆ ಇದು? ನಾಕು ತಿಂದೆ, ಹೊಟ್ಟೆಗೆ ಹೋಗಿದ್ದೇ ಗೊತ್ತಾಗ್ಲಿಲ್ಲ! ಬಾಯಾಗಿಟ್ರೆ ಹಣ್ಣು ಐತೆ, ಹಿಟ್ಟು ಎಲ್ಲೋತು ಅಂತ ಹುಡುಕಬೇಕು. ಹಣ್ಣಿನ ಚಿರೋಟಿ ಅನ್ನಿ. ಎಷ್ಟು ಹದವಾಗಿ ಬೆಂದೈತೆ, ಒಂಚೂರೂ ಸೀದಿಲ್ಲ!"

"ಮೆಲ್ಲಗೆ ಮಾತಾಡೋ ರಾಮಣ್ಣ, ಅವರು ಮಲಗಿದಾರೆ" ಎಂದರು ಚೆಲುವಾಂಬ.

ಮಲಗಿದ್ದರೋ ಇಲ್ಲವೋ, ಒಳಗಿನಿಂದ ಒಂದು ಕೆಮ್ಮು ಕೇಳಿತು. ಖಾಲಿ ಹೊಟ್ಟೆಯವನ ಕಿವಿ ನಾಯಿಯ ಕಿವಿಗಿಂತ ಚುರುಕು. ಅದಕ್ಕೆ ಶಾಸ್ತ್ರ ಗೀಸ್ತ್ರ ಏನೂ ಗೊತ್ತಾಗುವುದಿಲ್ಲ.

ಆ ಕೆಮ್ಮು ಕೇಳಿದ್ದೇ ಯದುಗಿರಿ ಎದ್ದು ನಿಂತಳು. "ಅತ್ತೆ, ನಾನು ಇವತ್ತು ಊರಿಗೆ ಹೋಗಲ್ಲ. ನಾಳೆ ಪಾರಣೆಗೆ ಇದನ್ನೇ ಮಾಡ್ತೀನಿ, ಇಲ್ಲೇ, ನಿಮ್ಮ ಅಡಿಗೆಮನೇಲಿ."

"ಇಲ್ಲಿ ನಿನ್ನ ಬೇಕರಿ ಒಲೆ ಎಲ್ಲಿದೆಯೇ?"

"ಇಲ್ಲ. ಕೆಂಡ ಇದೆಯಲ್ಲ."

ಅರಸೀಕೆರೆಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಲಿ ಗಂಡನಿಗೆ ಹೇಳಿ ಕಳಿಸಿದಳು: ನಾಳೆ ಹಿಟ್ಟು ನೀವೇ ಕಲಸಿಕೊಳ್ಳಿ, ನೀರು ಜಾಸ್ತಿ ಸುರಿಯಬೇಡಿ. ಬೆಳಿಗ್ಗೆ ಕುಡಿದ ಕಾಫಿಗೆ ದೇವರಲ್ಲಿ ತಪ್ಪೊಪ್ಪಿಕೊಂಡು ತಾನೂ ಉಪವಾಸ ಕೂತಳು. ಸಂಜೆಯೊಳಗೆ ಹಿತ್ತಲ ಮರದಿಂದ ರಾಮಣ್ಣ ಎಳನೀರು ಇಳಿಸಿಕೊಟ್ಟ, ದೇವಸ್ಥಾನದ ತೋಟದಿಂದ ಬಾಳೆಹಣ್ಣು ಬಂತು, ಚೆಲುವಾಂಬ ಡಬ್ಬಿಯ ತಳದಲ್ಲಿದ್ದ ಚಿರೋಟಿ ರವೆ ತೆಗೆದುಕೊಟ್ಟರು. ನಾಲ್ಕು ತುಂಡಿಗೆ ಆಗುವಷ್ಟಿತ್ತು, ಐದಕ್ಕಿಲ್ಲ.

ಬೆಳಗಿನ ಜಾವ ಬಾವಿಯ ನೀರು ತಲೆಯ ಮೇಲೆ ಸುರಿದುಕೊಂಡು, ಮಡಿಸೀರೆ ಉಟ್ಟು, ಒಲೆಯ ಮುಂದೆ ಕೂತಳು. ಪಾರಣೆಯನ್ನು ಏಳು ಗಂಟೆಯೊಳಗೆ ಮುಗಿಸಬೇಕಿತ್ತು. ಈ ಸಲ ಪಂಚಾಂಗವನ್ನು ಅವಳೇ ತೆಗೆದು ಎರಡು ಸಲ ನೋಡಿದ್ದಳು. ದಪ್ಪ ತಳದ ಕಂಚಿನ ಪಾತ್ರೆಗೆ ಮರಳು ಹಾಕಿ ಕಾಯಿಸಿದಳು; ಮರಳ ಮೇಲೆ ತಟ್ಟೆ, ತಟ್ಟೆಯಲ್ಲಿ ಬಾಳೆಎಲೆ, ಎಲೆಯ ಮೇಲೆ ನಾಲ್ಕು ತುಂಡು. ಮೇಲೆ ಮುಚ್ಚಳ, ಮುಚ್ಚಳದ ತುಂಬ ತೆಂಗಿನ ಕರಟದ ಕೆಂಡ.

ಬೇಕರಿಯ ಒಲೆ ಅವಳಿಗೆ ಗುರುತಿನದು, ಬಾಗಿಲು ತೆಗೆದು ಇಣುಕಿ ನೋಡಬಹುದು. ಈ ಮುಚ್ಚಳವನ್ನು ತೆಗೆದರೆ ಕಾವು ಹೋಯಿತು. ರುಚಿ ನೋಡುವಂತಿಲ್ಲ, ಕಣ್ಣಿಂದ ನೋಡುವಂತಿಲ್ಲ. ಮೂಗನ್ನೇ ನಂಬಿ ಕೂತಳು. ಬಾಳೆಹಣ್ಣಿನ ಪರಿಮಳ ಬಂತು, ಬೆಣ್ಣೆಯ ಪರಿಮಳ ಬಂತು, ಆಮೇಲೆ ಇದ್ದಕ್ಕಿದ್ದಂತೆ ಸೀದ ವಾಸನೆ!

"ಹೋಯ್ತು ಅತ್ತೆ!" ಎಂದು ಸೆರಗಿನಿಂದ ಮುಚ್ಚಳ ಎಳೆದಳು. ಎರಡು ಬೆರಳು ಸುಟ್ಟವು. ಎಲೆಯ ಅಂಚು ಕರಕಲಾಗಿತ್ತು, ಒಂದು ಮೂಲೆಯ ತುಂಡುಗಳ ತಳ ಕಪ್ಪಗಾಗಿತ್ತು. ಎಲೆಯನ್ನು ಮೆಲ್ಲಗೆ ಬಿಡಿಸಿದಳು. ಅಬ್ಬ! ಎಲೆ ತಾನು ಸುಟ್ಟುಕೊಂಡು ಹಿಟ್ಟನ್ನು ಕಾಪಾಡಿತ್ತು. ಎರಡಕ್ಕೆ ಒಂದು ಬದಿ ಸ್ವಲ್ಪ ಸೀದಿತ್ತು. ಮಿಕ್ಕ ಎರಡು ಹೊಂಬಣ್ಣಕ್ಕೆ ತಿರುಗಿ, ಪದರ ಬಿಚ್ಚಿಕೊಂಡು ಕೂತಿದ್ದವು. ಚೆಲುವಾಂಬ ಸುಟ್ಟ ಬೆರಳಿಗೆ ಬೆಣ್ಣೆ ಸವರಲು ಬಂದರೆ, "ಬೆಣ್ಣೆ ಇರಲಿ ಅತ್ತೆ, ಹೊತ್ತಾಯ್ತು, ಎಲೆ ಹಾಕಿ" ಎಂದು ಓಡಿಸಿದಳು.

ಅನಂತಸ್ವಾಮಿಗಳು ಪೂಜೆ ಮುಗಿಸಿ, ಗೋಡೆ ಹಿಡಿದುಕೊಂಡೇ ಬಂದು ಮಣೆಯ ಮೇಲೆ ಕೂತರು. ಎಲೆಯ ತುದಿಯಲ್ಲಿ ದ್ವಾದಶಿಯ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ. ನಡುವೆ ಯದುಗಿರಿ ಆ ಹೊಂಬಣ್ಣದ್ದನ್ನು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅವರು ಅದನ್ನೇ ನೋಡುತ್ತ ಕೂತರು. ಕೈ ಮುಂದೆ ಬರಲಿಲ್ಲ.

"ಯಾವ ನೀರಲ್ಲಿ ಕಲಸಿದ್ದಮ್ಮಾ?"

"ಎಳನೀರಲ್ಲಿ ಮಾವಯ್ಯ. ನಮ್ಮ ಹಿತ್ತಲದ್ದು."

"ಒಲೆ?"

"ನಿಮ್ಮ ಒಲೇನೇ. ಕರಟದ ಕೆಂಡ."

"ನಿನ್ನೆ ಆ ರಾಮಣ್ಣ ತಿಂದನಲ್ಲ, ಅದು?"

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಚೆಲುವಾಂಬ ಕಣ್ಣಲ್ಲೇ ಬೇಡ ಬೇಡ ಎಂದು ಸನ್ನೆ ಮಾಡಿದರು. ಯದುಗಿರಿಗೂ ಕಾಣಿಸಿತು. ಆದರೆ ಈ ಮನುಷ್ಯನ ಮುಂದೆ ಅವಳು ಇವತ್ತಿನವರೆಗೆ ಸುಳ್ಳು ಹೇಳಿದವಳಲ್ಲ.

"ಅದು ಅಂಗಡಿ ಒಲೇಲಿ ಬೇಯಿಸಿದ್ದು ಮಾವಯ್ಯ. ಹಿಟ್ಟು ಎಳನೀರಲ್ಲೇ ಕಲಸಿದ್ದೆ. ಗುರುಸಿದ್ದಮ್ಮನ ಮಂಡಿ ಎಳನೀರು. ತಟ್ಟೆ ಸೋಕದ ಹಾಗೆ ಬಾಳೆಎಲೆ ಹಾಕಿದ್ದೆ. ಅಲ್ಲಿ ಮೊಟ್ಟೆ ಇಲ್ಲ, ಯಾವತ್ತೂ ಇರಲಿಲ್ಲ. ನಿಮಗೆ ಅಂತಲೇ ಮಾಡಿದ್ದು, ನಾನು ರುಚಿ ಕೂಡ ನೋಡಿರಲಿಲ್ಲ. ನಿಮ್ಮ ಮಗನೇ ಬೆಳಿಗ್ಗೆ ಮೂರು ಗಂಟೆಗೆ ಎದ್ದು ಒಲೆ ಒರೆಸಿಕೊಟ್ಟರು. ಎರಡು ಸಲ ಒರೆಸಿದರು. ನಾನು ಹೇಳಿರಲಿಲ್ಲ."

ಗೋಡೆಯ ಗಡಿಯಾರದಲ್ಲಿ ಏಳಕ್ಕೆ ಹತ್ತು ನಿಮಿಷವಿತ್ತು. ಅವಳಿಗೆ ಆ ಹತ್ತು ನಿಮಿಷವೂ ಅಲ್ಲೇ ಕಳೆದುಹೋದ ಹಾಗನ್ನಿಸಿತು. ಆಮೇಲೆ ಅನಂತಸ್ವಾಮಿಗಳು ತೀರ್ಥ ತೆಗೆದುಕೊಂಡರು, ನೆಲ್ಲಿಕಾಯಿಯ ಚೂರೊಂದನ್ನು ಬಾಯಿಗಿಟ್ಟರು, ಬೆರಳಿನಿಂದ ಆ ಪದರವನ್ನು ಮುರಿದರು.

ಕರಕರ.

ಮೊದಲ ತುತ್ತನ್ನು ಬಹಳ ಹೊತ್ತು ಅಗಿದರು. ಚೆಲುವಾಂಬ ಸೆರಗನ್ನು ಬಾಯಿಗೊತ್ತಿಕೊಂಡಿದ್ದರು, ಈಗ ಓಕರಿಸುತ್ತಾರೆ, ಈಗ ಎದ್ದು ಓಡುತ್ತಾರೆ ಎಂದು. ಅವರು ಓಡಲಿಲ್ಲ. ಎರಡನೆಯ ತುತ್ತು ಹೋಯಿತು, ಮೂರನೆಯದು ಹೋಯಿತು. ಒಂದು ಪೂರ್ತಿ ಮುಗಿಯಿತು. ಎಲೆಯ ಮೇಲೆ ಬಿದ್ದ ಪುಡಿಯನ್ನೂ ಬೆರಳಿನಿಂದ ಒತ್ತಿ ಬಾಯಿಗೆ ಹಾಕಿಕೊಂಡು, ತಲೆಯೆತ್ತದೆ, "ಇನ್ನೊಂದಿದೆಯೇನಮ್ಮಾ?" ಎಂದರು.

ಇನ್ನೂ ಒಂದು ಚೆನ್ನಾಗಿಯೇ ಇತ್ತು. ಗಾಬರಿಯಲ್ಲಿ ಯದುಗಿರಿ ಸೀದದ್ದನ್ನೇ ತಂದು ಬಡಿಸಿಬಿಟ್ಟಳು. ಅದನ್ನೂ ತಿಂದರು. ಇಪ್ಪತ್ತೊಂದು ದಿನದ ಮೇಲೆ ಹೊಟ್ಟೆ ಕೇಳಿ ಕೇಳಿ ಹಾಕಿಸಿಕೊಂಡದ್ದು ಅದೇ ಮೊದಲು. ಕೈ ತೊಳೆದು ಎದ್ದವರು ಅವಳ ಮುಂದೆ ನಿಂತು, ಬೊಬ್ಬೆ ಎದ್ದ ಎರಡು ಬೆರಳನ್ನು ನೋಡಿದರು.

"ಚಿರೋಟಿ ಕೈ ಹಾಗೇ ಇದೆ" ಎಂದರು. "ಆದರೆ ಎರಡನೇದು ಒಂದು ಬದಿ ಸೀದಿತ್ತು. ನಿನ್ನೇದು ಸೀದಿರಲಿಲ್ಲ ಅಂತ ರಾಮಣ್ಣ ಹೇಳ್ತಿದ್ದ."

ಇದು ಹೊಗಳಿಕೆಯೋ ತೆಗಳಿಕೆಯೋ ಅವಳಿಗೆ ಆಗ ತಿಳಿಯಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಅಳು ನಿಂತಮೇಲೆ ಮಿಕ್ಕ ಎರಡನ್ನು ಅತ್ತೆ ಸೊಸೆ ಒಂದೊಂದು ತಿಂದರು. ಆಗಲೇ ಅವಳಿಗೆ ಮೊದಲ ಬಾರಿಗೆ ಅದರ ರುಚಿ ಗೊತ್ತಾದದ್ದು. ಚೆನ್ನಾಗಿತ್ತು ಕಣ್ರೀ, ನಿಜವಾಗಿಯೂ ಚೆನ್ನಾಗಿತ್ತು.

ನಾಲ್ಕು ದಿನ ಇದ್ದು, ಕೆಂಡದಲ್ಲಿ ಬೇಯಿಸುವುದನ್ನು ಅತ್ತೆಗೆ ಕಲಿಸಿ, ಅವಳು ಅರಸೀಕೆರೆಗೆ ಮರಳಿದಳು. ಮಾವಯ್ಯ ಬೆಳಗ್ಗೆ ತಿನ್ನುತ್ತಿದ್ದಾರೆ, ಮಧ್ಯಾಹ್ನ ಅನ್ನವೂ ಸೇರುತ್ತಿದೆ, ಕಂಬ ಹಿಡಿಯದೆ ಮಂಗಳಾರತಿ ಎತ್ತಿದರು ಎಂದು ಒಂದೊಂದೇ ಸುದ್ದಿ ಬಸ್ಸಿನಲ್ಲಿ ಬಂತು. ಹಾಸನದ ಮಾತು ಅಲ್ಲಿಗೆ ನಿಂತಿತು. ಯೋಗನರಸಿಂಹ ಪ್ರತಿ ಸುದ್ದಿಗೂ "ಹೂಂ" ಎನ್ನುತ್ತಿದ್ದ. ಆಮೇಲೆ ಒಲೆಯ ಹತ್ತಿರ ಹೋಗಿ ಸುಮ್ಮಸುಮ್ಮನೆ ಸೌದೆ ಒಟ್ಟುತ್ತಿದ್ದ.

ಯದುಗಿರಿ ಗಿರಣಿಯ ಕ್ಯಾಲೆಂಡರಿನ ಪಕ್ಕದಲ್ಲೇ ಮೊಳೆ ಹೊಡೆದು ಪಂಚಾಂಗವನ್ನು ದಾರ ಕಟ್ಟಿ ತೂಗುಹಾಕಿದಳು. ಮುಂದಿನ ದ್ವಾದಶಿಯ ಬೆಳಗ್ಗೆ, ಮೊದಲ ಬ್ರೆಡ್ಡು ಒಲೆಗೆ ಹೋಗುವ ಮುಂಚೆ, ಒರೆಸಿದ ಒಲೆಯಲ್ಲಿ ಬಾಳೆಎಲೆಯ ಮೇಲೆ ಆರು ಹಣ್ಣಿನ ಚಿರೋಟಿ ಬೇಯಿಸಿ ಬೇರೆ ತೆಗೆದಿಟ್ಟಳು.

"ಯಾರಿಗೆ ಇದು?" ಎಂದ ಗಂಡ.

"ಯಾರಾದರೂ ಬಂದರೆ."

ಯಾರೂ ಬರಲಿಲ್ಲ. ಎಂಟು ಗಂಟೆಗೆ ಹಳೇಬೀಡಿಗೆ ಹೊರಟಿದ್ದ ಪ್ರವಾಸಿಗಳು ಅದನ್ನು ಕೊಂಡು ತಿಂದು, ಇನ್ನೂ ಇದೆಯೇ ಎಂದು ಕೇಳಿದರು. ಅದರ ಮುಂದಿನ ದ್ವಾದಶಿಗೆ ಅವಳು ಮತ್ತೆ ಎದ್ದಳು, ಮತ್ತೆ ಎಳನೀರಿನಲ್ಲಿ ಹಿಟ್ಟು ಕಲಸಿದಳು. ಈ ಸಲ ಒಲೆ ಒರೆಸಿ, ಎಲೆ ಹಾಸಿ, ಅವಳಿಗಿಂತ ಮೊದಲೇ ಸಿದ್ಧ ಮಾಡಿಟ್ಟಿದ್ದವನು ಯೋಗನರಸಿಂಹ.

ಆರೂವರೆಯ ಬಸ್ಸು ಬಂದು ನಿಂತಿತು. ಮೊದಲು ಇಳಿದವನು ರಾಮಣ್ಣ. ಅವನು ಕೈ ನೀಡಿದ. ಆ ಕೈಯನ್ನು ಹಿಡಿಯದೆ, ತಾವೇ ಕಂಬಿ ಹಿಡಿದು ಅನಂತಸ್ವಾಮಿಗಳು ಇಳಿದರು. ಹೆಗಲ ಮೇಲೆ ಮಡಿಪಂಚೆ, ಕೈಯಲ್ಲಿ ತೀರ್ಥದ ಹಿತ್ತಾಳೆ ಗಿಂಡಿ. ಅತ್ತಿತ್ತ ನೋಡದೆ ರಸ್ತೆ ದಾಟಿ, ಬೇಕರಿಯ ಮುಂದೆ ಬಂದು ನಿಂತು, ಹಲಗೆಯ ಮೇಲಿದ್ದ ಮಗನ ಹೆಸರನ್ನು ಮೂರು ವರ್ಷದಲ್ಲಿ ಮೊದಲ ಸಲ ಓದಿದರು.

ಯೋಗನರಸಿಂಹ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದವನು ಹಾಗೆಯೇ ನಿಂತುಬಿಟ್ಟ. ಕಾಲಿಗೆ ಬೀಳಬೇಕೋ, ಕೈ ತೊಳೆಯಬೇಕೋ, ಒಂದೂ ತೋಚಲಿಲ್ಲ. ಮಂಡಿಯ ಬಾಗಿಲಲ್ಲಿ ಗುರುಸಿದ್ದಮ್ಮ ಎಂದೂ ಇಲ್ಲದೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಇವತ್ತೇನಮ್ಮಾ ತಿಥಿ?" ಎಂದರು ಅನಂತಸ್ವಾಮಿಗಳು, ಸೊಸೆಯ ಕಡೆ ನೋಡಿ.

"ದ್ವಾದಶಿ ಮಾವಯ್ಯ. ಏಳೂಕಾಲು ಗಂಟೆಯೊಳಗೆ ಪಾರಣೆ ಆಗಬೇಕು."

ಮುದುಕರು ತಲೆಯಾಡಿಸಿ, ಈಗ ಮಗನ ಕಡೆ ತಿರುಗಿದರು. ಅವನ ಹಿಟ್ಟಿನ ಕೈಯನ್ನು ನೋಡಿದರು, ಬೆವರಿದ ಹಣೆಯನ್ನು ನೋಡಿದರು.

"ಒಲೆ ಬಿಸಿ ಇದೆಯೇನೋ?"

"ಇದೆ ಅಪ್ಪ" ಎಂದ ಯೋಗನರಸಿಂಹ.

"ಹಾಗಾದರೆ ನಿಂತ್ಕೊಂಡು ಏನು ನೋಡ್ತೀಯ? ಎಲೆ ಹಾಕು."